ಶಾಲೆಯ ಯೋಜನೆ ಮತ್ತು ಊರಿನ ಪಂಚಾಂಗ

ದೀಪಾವಳಿ ಕಳೆದು ಚಳಿ ಕಾಲಿಡುವ ವೇಳೆಗೆ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಸುತ್ತಲಿನ ಅನೇಕ ಹಳ್ಳಿಗಳಲ್ಲಿಯೂ ತಾಂಡಾಗಳಲ್ಲಿಯೂ ಮನೆಯ ಬಾಗಿಲುಗಳಿಗೆ ಬೀಗ ಬೀಳತೊಡಗುತ್ತದೆ. ಶೇಂಗಾ ಕಿತ್ತಾಗಿದೆ, ಮೆಕ್ಕೆಜೋಳ ಮುರಿದಾಗಿದೆ. ಮಳೆಯೊಂದನ್ನೇ ನಂಬಿದ ಹೊಲದಲ್ಲಿ ಮುಂದಿನ ಮುಂಗಾರಿನವರೆಗೆ ಕೈಗೆ ಕೆಲಸವಿಲ್ಲ. ಆಗ ಜನರು ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತಾರೆ. ಕೆಲವರು ಮಂಡ್ಯದ ಸೀಮೆಗೆ ಕಬ್ಬು ಕಡಿಯಲು, ಕೆಲವರು ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ, ಮತ್ತೆ ಕೆಲವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ. ನಮ್ಮ ಕಡೆ ಇದನ್ನು ಗುಳೆ ಹೋಗುವುದು ಎನ್ನುತ್ತಾರೆ. ಮನೆಯ ಜಗಲಿಯ ಮೇಲೆ ಮುದುಕರು ಉಳಿಯುತ್ತಾರೆ. ಲಾರಿಯ ಮೇಲೆ, ಪಾತ್ರೆಪಗಡಗಳ ನಡುವೆ, ಮಕ್ಕಳು ಕುಳಿತಿರುತ್ತಾರೆ.

ಸರಿಯಾಗಿ ಇದೇ ದಿನಗಳಲ್ಲಿ ಊರಿನ ಶಾಲೆಯಲ್ಲಿ ಇನ್ನೊಂದು ಕೆಲಸ ನಡೆಯಬೇಕಾಗಿರುತ್ತದೆ. ಅದು ಶಾಲೆಯ ಮುಂದಿನ ವರ್ಷಗಳ ಯೋಜನೆಯನ್ನು ಸಿದ್ಧಪಡಿಸುವ ಕೆಲಸ. 2009ರಲ್ಲಿ ಸಂಸತ್ತು ಅಂಗೀಕರಿಸಿದ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾನೂನು ಈ ಕೆಲಸವನ್ನು ಅಧಿಕಾರಿಗಳಿಗೆ ಒಪ್ಪಿಸಲಿಲ್ಲ, ಊರಿಗೆ ಒಪ್ಪಿಸಿತು. ಪ್ರತಿಯೊಂದು ಸರ್ಕಾರಿ ಶಾಲೆಗೂ ಒಂದು ಸಮಿತಿಯಿರಬೇಕು. ಅದರಲ್ಲಿ ಶೇಕಡ 75 ಮಂದಿ ಮಕ್ಕಳ ತಂದೆತಾಯಿಗಳು ಅಥವಾ ಪೋಷಕರಾಗಿರಬೇಕು. ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಈ ಸಮಿತಿಯೇ ಶಾಲೆಯ ಅಭಿವೃದ್ಧಿ ಯೋಜನೆಯನ್ನು ತಯಾರಿಸಬೇಕು. ಸರ್ಕಾರ ಹಾಕುವ ಯೋಜನೆಗಳಿಗೂ ಕೊಡುವ ಅನುದಾನಗಳಿಗೂ ಅದೇ ಆಧಾರವಾಗಬೇಕು. ಕಾನೂನಿನ 21 ಮತ್ತು 22ನೆಯ ಪ್ರಕರಣಗಳ ಸಾರವಿದು. ನಮ್ಮ ರಾಜ್ಯದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಇದಕ್ಕೂ ಮೊದಲೇ, 2001ರಲ್ಲಿಯೇ ಹುಟ್ಟಿಕೊಂಡಿದ್ದವು.

ಕೇಂದ್ರ ಸರ್ಕಾರದ ಮಾದರಿ ನಿಯಮಗಳು ಇನ್ನೂ ಒಂದು ಮಾತನ್ನು ಹೇಳುತ್ತವೆ. ಯೋಜನೆ ಮೂರು ವರ್ಷದ್ದಾಗಿರಬೇಕು. ಸಮಿತಿ ರಚನೆಯಾದ ಆರ್ಥಿಕ ವರ್ಷ ಮುಗಿಯುವುದಕ್ಕೆ ಕನಿಷ್ಠ ಮೂರು ತಿಂಗಳು ಮುಂಚಿತವಾಗಿ ಅದು ಸಿದ್ಧವಾಗಬೇಕು. ದೆಹಲಿಯಲ್ಲಿ ಕುಳಿತು ಈ ವಾಕ್ಯವನ್ನು ಬರೆದವರ ಉದ್ದೇಶ ಒಳ್ಳೆಯದೇ. ಆದರೆ ಮಾರ್ಚ್ ತಿಂಗಳಿನಿಂದ ಮೂರು ತಿಂಗಳು ಹಿಂದಕ್ಕೆ ಎಣಿಸಿದರೆ ನಾವು ಬಂದು ನಿಲ್ಲುವುದು ಡಿಸೆಂಬರಿನಲ್ಲಿ. ಯಾರ ಮಕ್ಕಳಿಗೆ ಶಾಲೆಯ ಯೋಜನೆ ಎಲ್ಲರಿಗಿಂತ ಹೆಚ್ಚು ಅಗತ್ಯವೋ ಆ ತಾಯಿ ಆಗ ನೂರಾರು ಮೈಲಿಗಳಾಚೆ ಕಾಫಿ ಹಣ್ಣು ಬಿಡಿಸುತ್ತಿರುತ್ತಾಳೆ. ಸಭೆ ನಡೆಯುತ್ತದೆ, ನಡಾವಳಿ ಪುಸ್ತಕವೂ ತುಂಬುತ್ತದೆ. ಊರಿನಲ್ಲಿ ಉಳಿದವರು ಊರಿನಲ್ಲಿ ಉಳಿದವರಿಗೆ ಬೇಕಾದ ಯೋಜನೆಯನ್ನು ಮಾಡುತ್ತಾರೆ.

ಇದನ್ನು ಹೇಳುವಾಗ ನಾನು ಬೇರೆಯವರ ಕಡೆಗೆ ಬೆರಳು ತೋರಿಸುತ್ತಿಲ್ಲ. ಈ ಸೀಮೆಯ ಒಂದು ಚಿಕ್ಕ ಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಯೋಜನೆಯ ನಮೂನೆಯನ್ನು ಒಂದು ಮಧ್ಯಾಹ್ನದಲ್ಲಿ ಒಬ್ಬನೇ ಕುಳಿತು ತುಂಬಿ ಮುಗಿಸಿದ್ದೇನೆ. ಎರಡು ಕೊಠಡಿ, ಒಂದು ಆವರಣದ ಗೋಡೆ, ಬೆಂಚುಗಳು, ಇಷ್ಟು ಬರೆದು, ಸಹಿಗಳಿಗಾಗಿ ಒಬ್ಬ ಹುಡುಗನ ಕೈಯಲ್ಲಿ ಪುಸ್ತಕವನ್ನು ಮನೆಮನೆಗೆ ಕಳುಹಿಸಿದೆ. ಮಗಳ ಪರವಾಗಿ ಹೆಬ್ಬೆಟ್ಟು ಒತ್ತಬೇಕಾಗಿದ್ದ ಒಬ್ಬ ಅಜ್ಜಿ ಮಾತ್ರ ಹುಡುಗನೊಂದಿಗೆ ಶಾಲೆಗೇ ಬಂದಳು. ಕಾಗದದಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಕೇಳಿದಳು. ನಾನು ಜೂನ್ ತಿಂಗಳ ದಾಖಲಾತಿಯ ಸಂಖ್ಯೆಯನ್ನು ಹೇಳಿದೆ. ಆಕೆ ತರಗತಿಯ ಬಾಗಿಲಿನವರೆಗೆ ಹೋಗಿ ಒಳಗೆ ಒಮ್ಮೆ ಇಣುಕಿ ನೋಡಿ, "ಕೋಣೆ ಕಟ್ಟಿಸ್ತೀರಿ ಸರಿ. ಅದರಾಗ ಕುಂದ್ರೋರು ಘಟ್ಟದ ಮ್ಯಾಲ ಅದಾರಲ್ಲ ಮಾಸ್ತರ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ನಮೂನೆಯಲ್ಲಿಯೂ ಅದಕ್ಕೊಂದು ಅಂಕಣವಿರಲಿಲ್ಲ.

ಶಿಕ್ಷಣದ ಯೋಜನೆ ಕೆಳಗಿನಿಂದ ಹೊರಡಬೇಕೆಂಬುದು ಹೊಸ ವಿಚಾರವೇನೂ ಅಲ್ಲ. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗದ ಕಾರ್ಯದರ್ಶಿಗಳಾಗಿದ್ದ ಜೆ. ಪಿ. ನಾಯಕರು ಪ್ರತಿಯೊಂದು ಶಾಲೆಯೂ ತನ್ನ ಯೋಜನೆಯನ್ನು ತಾನೇ ಮಾಡಿಕೊಳ್ಳಬೇಕೆಂದು ಪ್ರತಿಪಾದಿಸಿದರು. ಅವರು ತಮ್ಮ ತಾರುಣ್ಯದಲ್ಲಿ ಧಾರವಾಡದ ಬಳಿಯ ಉಪ್ಪಿನಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿದವರು. ಈ ವಿಚಾರಕ್ಕೆ ಹಳ್ಳಿಯ ಮಣ್ಣಿನ ವಾಸನೆಯಿರುವುದು ಬಹುಶಃ ಅದರಿಂದಲೇ ಇರಬೇಕು. 1987ರಲ್ಲಿ ನಮ್ಮ ರಾಜ್ಯದಲ್ಲಿ ಜಿಲ್ಲಾ ಪರಿಷತ್ತುಗಳು ಬಂದಾಗ, ಅಬ್ದುಲ್ ನಜೀರ್ ಸಾಬರ ಶ್ರಮದಿಂದ, ಶಾಲೆಗಳ ಆಡಳಿತ ರಾಜಧಾನಿಯಿಂದ ಜಿಲ್ಲೆಗೆ ಇಳಿಯಿತು. 1990ರ ದಶಕದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಆಗಿನ ಬಳ್ಳಾರಿ ಜಿಲ್ಲೆಯನ್ನೂ ಒಳಗೊಂಡಿತ್ತು. ಅನಂತರ ಬಂದ ಸರ್ವ ಶಿಕ್ಷಾ ಅಭಿಯಾನ ಜನವಸತಿಯನ್ನೇ ಯೋಜನೆಯ ಘಟಕವೆಂದು ಸಾರಿತು. ಮಾತಿಗೆ ಕೊರತೆಯಿಲ್ಲ. ಆದರೂ ತಾಲ್ಲೂಕಿನ ಕಚೇರಿಯಿಂದ ನಮೂನೆ ಹೊರಡುವಾಗಲೇ ಪ್ರಶ್ನೆಗಳು ನಿಶ್ಚಿತವಾಗಿರುತ್ತವೆ. ಊರು ಕೇವಲ ಉತ್ತರದ ಅಂಕಿಗಳನ್ನು ತುಂಬುತ್ತದೆ. ಪ್ರಶ್ನೆಯನ್ನು ಕೇಳುವ ಅಧಿಕಾರವನ್ನು ಕಚೇರಿಯೇ ಇಟ್ಟುಕೊಂಡ ಮೇಲೆ ಉಳಿದ ಅಧಿಕಾರವನ್ನು ಊರಿಗೆ ಕೊಟ್ಟು ಏನು ಪ್ರಯೋಜನ?

ಪ್ರಶ್ನೆಗಳು ಊರಿನಿಂದ ಊರಿಗೆ ಬೇರೆಯಾಗುತ್ತವೆ ಎಂಬುದಕ್ಕೆ ನಮ್ಮ ಐದು ತಾಲ್ಲೂಕುಗಳೇ ಸಾಕ್ಷಿ. ತುಂಗಭದ್ರೆಯ ದಂಡೆಯ ಹೂವಿನಹಡಗಲಿಯಲ್ಲಿ ಮಲ್ಲಿಗೆಯ ಮೊಗ್ಗನ್ನು ಬಿಸಿಲೇರುವ ಮೊದಲೇ ಬಿಡಿಸಬೇಕು; ಅಲ್ಲಿ ಮಗು ಊರು ಬಿಡುವುದಿಲ್ಲ, ಶಾಲೆಗೆ ತಡವಾಗಿ ಬರುತ್ತದೆ, ತೂಕಡಿಸುತ್ತದೆ. ಹಗರಿಬೊಮ್ಮನಹಳ್ಳಿಯ ಕಡೆ ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಹೊಲಮನೆಗಳನ್ನು ಬಿಟ್ಟುಕೊಟ್ಟು ಬೇರೆಡೆ ನೆಲೆ ನಿಂತವರ ಕಥೆಗಳನ್ನು ಹಿರಿಯರು ಈಗಲೂ ಹೇಳುತ್ತಾರೆ. ಕೂಡ್ಲಿಗಿಯ ಕಲ್ಲುಗುಡ್ಡಗಳ ನಡುವೆ, ಕರಡಿಗಳಿಗೆ ಹೆಸರಾದ ಗುಡೇಕೋಟೆಯ ಸುತ್ತ, ಸಂಜೆ ಕತ್ತಲಾಗುವ ಮೊದಲೇ ಮಕ್ಕಳು ಮನೆ ಸೇರಬೇಕೆಂಬುದು ತಾಯಂದಿರ ಮೊದಲನೆಯ ಚಿಂತೆ. ಒಂದೇ ಅಚ್ಚಿನ ನಮೂನೆ ಇವೆಲ್ಲವನ್ನೂ ಹಿಡಿಯಲಾರದು.

ಹರಪನಹಳ್ಳಿಯ ಮಾತನ್ನು ಬೇರೆಯಾಗಿಯೇ ಹೇಳಬೇಕು. ಈ ತಾಲ್ಲೂಕು 1953ರವರೆಗೆ ಬಳ್ಳಾರಿಯೊಡನೆ ಮದರಾಸಿನ ಆಡಳಿತದಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಬಂದಿತು. 2021ರಲ್ಲಿ ಹೊಸದಾಗಿ ಹುಟ್ಟಿದ ವಿಜಯನಗರ ಜಿಲ್ಲೆಯ ಭಾಗವಾಯಿತು. ಶಾಲೆಗಳ ಕಡತಗಳು ಇಷ್ಟು ಕಚೇರಿಗಳನ್ನು ಸುತ್ತಿದವು. ಆದರೆ ತಾಂಡಾದಿಂದ ಕಾಫಿ ತೋಟಕ್ಕೆ ಹೋಗುವ ಲಾರಿಯ ದಾರಿ ಇಷ್ಟು ವರ್ಷಗಳಲ್ಲಿ ಬದಲಾಗಲಿಲ್ಲ. ಜಿಲ್ಲೆಯ ಗಡಿಯನ್ನು ತಿದ್ದುವುದರಿಂದ ಆಗುವ ಅನುಕೂಲಗಳಿವೆ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯಿಂದ ದೊರೆತ ಸೌಲಭ್ಯಗಳು ಹರಪನಹಳ್ಳಿಗೂ ಸಿಕ್ಕವು. ಆದರೆ ಆ ಲಾರಿಯಲ್ಲಿ ಕುಳಿತ ಮಗುವಿಗೆ ಗಡಿ ಯಾವುದಾದರೇನು?

2011ರ ಜನಗಣತಿಯ ಪ್ರಕಾರ ರಾಜ್ಯದ ಸಾಕ್ಷರತೆ ಶೇಕಡ 75.36 ಇದ್ದಾಗ ಆಗಿನ ಬಳ್ಳಾರಿ ಜಿಲ್ಲೆಯದು ಶೇಕಡ 67.43 ಇತ್ತು. ಈ ಅಂತರಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ಮಾತ್ರ ತಿಂಗಳುಗಳ ಲೆಕ್ಕದಲ್ಲಿ ತೋರಿಸಬಹುದು. ಕಾಫಿಯಲ್ಲಿ ಅರೇಬಿಕಾ ಹಣ್ಣಾಗುವುದು ನವೆಂಬರಿನಿಂದ ಜನವರಿಯವರೆಗೆ. ರೋಬಸ್ಟಾ ಅದರ ಬೆನ್ನಿಗೆ ಬಂದು ಮಾರ್ಚಿಯವರೆಗೂ ನಡೆಯುತ್ತದೆ. ನಮ್ಮ ಶಾಲೆಗಳಲ್ಲಿ ಪಾಠಗಳು ಗಟ್ಟಿಯಾಗಿ ನಡೆಯುವುದು ಆ ತಿಂಗಳುಗಳಲ್ಲಿಯೇ, ಪರೀಕ್ಷೆಗಳು ಬರುವುದು ಅದರ ಕೊನೆಗೆ. ಯುಗಾದಿಯ ಹೊತ್ತಿಗೆ ಮಗು ಊರಿಗೆ ಹಿಂದಿರುಗಿದಾಗ ಶಾಲೆ ಬೇಸಗೆಯ ರಜೆಗೆ ಬಾಗಿಲು ಹಾಕುವ ಸಿದ್ಧತೆಯಲ್ಲಿರುತ್ತದೆ.

ಕಾಫಿ ಬೆಳೆಯುವ ಇನ್ನೊಂದು ದೇಶದಲ್ಲಿ ಇದೇ ತೊಡಕು ಎದುರಾಗಿತ್ತು. ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ 1970ರ ದಶಕದಲ್ಲಿ ವಿಕ್ಕಿ ಕೊಲ್ಬರ್ಟ್ ಎಂಬ ಶಿಕ್ಷಣತಜ್ಞೆ ಮತ್ತು ಅವರ ಜೊತೆಗಾರರು 'ಎಸ್ಕ್ವೇಲಾ ನ್ವೇವಾ', ಅಂದರೆ ಹೊಸ ಶಾಲೆ, ಎಂಬ ಪದ್ಧತಿಯನ್ನು ಹಳ್ಳಿಯ ಶಾಲೆಗಳಲ್ಲಿ ರೂಪಿಸಿದರು. ಸುಗ್ಗಿಯ ಕೆಲಸಕ್ಕಾಗಿ ಮಗು ಕೆಲವು ವಾರ ಶಾಲೆ ತಪ್ಪಿಸಿದರೆ ಅದನ್ನು ಅನುತ್ತೀರ್ಣಗೊಳಿಸುವುದಿಲ್ಲ. ಹಿಂದಿರುಗಿದ ಮೇಲೆ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ, ತನ್ನ ಕೈಪಿಡಿಯ ಅದೇ ಪುಟದಿಂದಲೇ, ಮುಂದುವರಿಯುತ್ತದೆ. ಊರಿನ ಕುಟುಂಬಗಳ ಬೇಸಾಯದ ಕಾಲಪಟ್ಟಿಯನ್ನು ಶಾಲೆಯಲ್ಲಿ ಬರೆದಿಡುವುದೂ ಆ ಪದ್ಧತಿಯ ಒಂದು ಅಂಗ. ಈ ವಿಷಯವನ್ನು ಓದಿದಾಗ ಆ ಅಜ್ಜಿಯ ಮುಖ ನನ್ನ ಕಣ್ಣ ಮುಂದೆ ಬಂದಿತು. ಆಕೆ ಕೇಳಿದ್ದು ಇದನ್ನೇ ಅಲ್ಲವೆ?

ನಮ್ಮ ಕಾನೂನು ಇದಕ್ಕೆ ಅಡ್ಡಿಯಾಗಿಲ್ಲವೆಂಬುದನ್ನು ಬಲ್ಲವರು ಕಡಿಮೆ. ಅದೇ ಕಾನೂನಿನ 9ನೆಯ ಪ್ರಕರಣ ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳನ್ನು ಹೇಳುವಾಗ ವಲಸೆ ಕುಟುಂಬಗಳ ಮಕ್ಕಳಿಗೆ ಶಾಲಾ ಪ್ರವೇಶವನ್ನು ಖಚಿತಪಡಿಸುವುದನ್ನೂ, ಶೈಕ್ಷಣಿಕ ವರ್ಷದ ಕಾಲಪಟ್ಟಿಯನ್ನು ನಿರ್ಧರಿಸುವುದನ್ನೂ ಹೆಸರಿಸಿದೆ. ಕಾಲಪಟ್ಟಿಯನ್ನು ತನ್ನ ನೆಲಕ್ಕೆ ತಕ್ಕಂತೆ ತಿದ್ದಿಕೊಳ್ಳುವ ಮಾತು ಕಾನೂನಿನ ಪುಸ್ತಕದಲ್ಲಿಯೇ ಇದೆ. ಹತ್ತನೆಯ ತರಗತಿಗೆ ಇಡೀ ರಾಜ್ಯಕ್ಕೆ ಒಂದೇ ಪರೀಕ್ಷೆಯಿರುವುದರಿಂದ ಅಲ್ಲಿ ಇದು ನಡೆಯುವಂತಿಲ್ಲ. ಕೆಳಗಿನ ತರಗತಿಗಳಲ್ಲಿ ನಡೆಯಬಾರದೆಂದೇನೂ ಇಲ್ಲ.

ಹಾಗಾದರೆ ತಾಲ್ಲೂಕಿನ ಶಿಕ್ಷಣಾಧಿಕಾರಿಗಳು ಮಾಡಬೇಕಾದುದೇನು? ನನ್ನ ಅಭಿಪ್ರಾಯದಲ್ಲಿ ಮೊಟ್ಟಮೊದಲು ಸಭೆಯ ದಿನವನ್ನು ಬದಲಾಯಿಸಬೇಕು. ಮಹಾನವಮಿಗೂ ದೀಪಾವಳಿಗೂ ನಡುವೆ ಊರು ತುಂಬಿರುತ್ತದೆ. ತಾಂಡಾಗಳಲ್ಲಂತೂ ದೀಪಾವಳಿಯಷ್ಟು ದೊಡ್ಡ ಹಬ್ಬ ಮತ್ತೊಂದಿಲ್ಲ. ಎಲ್ಲಿದ್ದವರೂ ಅಂದು ಮನೆಯಲ್ಲಿರುತ್ತಾರೆ. ನಿಯಮ ಹೇಳುವುದು ಕನಿಷ್ಠ ಮೂರು ತಿಂಗಳು ಮುಂಚೆ ಎಂದು. ಐದು ತಿಂಗಳು ಮುಂಚೆ ಮಾಡಬಾರದೆಂದು ಹೇಳಿಲ್ಲ. ಸಭೆ ಹಗಲು ಹನ್ನೊಂದು ಗಂಟೆಗೆ ಅಲ್ಲ, ಕೂಲಿಗೆ ಹೋದವರು ಮನೆಗೆ ಬಂದು ಉಂಡ ಮೇಲೆ ನಡೆಯಲಿ. ಅಧಿಕಾರಿಗಳು ಅಲ್ಲಿಗೆ ನಮೂನೆಯಿಲ್ಲದೆ ಬರಲಿ. ಯಾರು, ಯಾವಾಗ, ಎಲ್ಲಿಗೆ ಹೋಗುತ್ತೀರಿ, ಮಗುವನ್ನು ಯಾರ ಬಳಿ ಬಿಡಬಲ್ಲಿರಿ ಎಂದು ಕೇಳಲಿ. ಈ ಪ್ರಶ್ನೆಗಳಿಗೆ ದೊರೆಯುವ ಉತ್ತರದಲ್ಲಿಯೇ ಕೊಠಡಿ ಬೇಕೋ, ಸುಗ್ಗಿಯ ಕಾಲದ ವಸತಿನಿಲಯ ಬೇಕೋ ಎಂಬುದು ತಾನಾಗಿ ತಿಳಿಯುತ್ತದೆ. ವಸತಿನಿಲಯಕ್ಕೆ ಸರ್ಕಾರದ ಯೋಜನೆಗಳಲ್ಲಿ ಅವಕಾಶವಿದೆ. ಆದರೆ ಅಡುಗೆ ಮಾಡುವವರು ಯಾರು, ರಾತ್ರಿ ಹೆಣ್ಣುಮಕ್ಕಳ ಜೊತೆ ಮಲಗುವವರು ಯಾರು ಎಂಬುದನ್ನು ಊರಿನ ತಾಯಂದಿರು ತೀರ್ಮಾನಿಸದಿದ್ದರೆ ಒಂದು ಮಗುವೂ ಅಲ್ಲಿ ಉಳಿಯುವುದಿಲ್ಲ. ತಂದೆತಾಯಿಯರೊಡನೆ ಹೋಗಲೇಬೇಕಾದ ಮಕ್ಕಳ ಪಟ್ಟಿ, ಅವರ ಎಸ್.ಎ.ಟಿ.ಎಸ್. ಸಂಖ್ಯೆಯೊಡನೆ, ಅವರಿಗಿಂತ ಮುಂಚೆಯೇ ಆ ಕಡೆಯ ಶಿಕ್ಷಣಾಧಿಕಾರಿಗಳ ಕೈ ಸೇರಬೇಕು. ಈಗ ಒಂದು ಸಂಖ್ಯೆಯಿಂದ ಮಗುವಿನ ಓದಿನ ವಿವರವೆಲ್ಲ ದೊರೆಯುತ್ತದೆ. ಹಿಂದೆ ನಾವು ವರ್ಗಾವಣೆ ಪತ್ರವನ್ನು ಬರೆದು ಟಪಾಲಿಗೆ ಹಾಕಿ ಕಾಯುತ್ತಿದ್ದೆವು.

ಮಕ್ಕಳನ್ನೂ ಕೇಳಬೇಕು. ಪಂಚಾಯತಿಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಗಳಲ್ಲಿ ಹುಡುಗಿಯರು ಶೌಚಾಲಯಕ್ಕೆ ನೀರಿಲ್ಲವೆಂದು ನಿರ್ಭಯವಾಗಿ ಹೇಳುವುದನ್ನು ನಾನು ಕೇಳಿದ್ದೇನೆ. ಹಿರಿಯರ ಸಭೆಯಲ್ಲಿ ಆ ಮಾತು ಬರಲು ಎಷ್ಟು ಕಾಲ ಬೇಕಾಗುತ್ತಿತ್ತೋ!

ಊರು ಹೇಳಿದ್ದೆಲ್ಲವೂ ಸರಿಯೆಂದು ನಾನು ವಾದಿಸುವುದಿಲ್ಲ. ಸಮಿತಿಯ ಅಧ್ಯಕ್ಷತೆಗಾಗಿ ಪಕ್ಷಪ್ರತಿಪಕ್ಷಗಳಾದುದನ್ನೂ, ಗೋಡೆ ಕಟ್ಟುವ ಗುತ್ತಿಗೆಯ ಮೇಲೆಯೇ ಎಲ್ಲರ ಕಣ್ಣು ನೆಟ್ಟುದನ್ನೂ ಕಂಡಿದ್ದೇನೆ. ಕೇರಿಯವರು ಸಭೆಗೆ ಬಂದರೂ ಬಾಗಿಲ ಬಳಿಯೇ ನಿಂತು ಹೋಗುವ ಊರುಗಳಿವೆ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾನೂನು 1982ರಲ್ಲಿ ಬಂದರೂ ಅದರ ನೆರಳು ಬೇಗ ಸರಿಯದಿದ್ದ ಸೀಮೆಯಿದು. ಹೆಣ್ಣುಮಕ್ಕಳನ್ನು ಎಳೆಯ ವಯಸ್ಸಿನಲ್ಲಿ ಮದುವೆ ಮಾಡುವುದು ಊರಿನ ಅಭಿಪ್ರಾಯವೇ ಆಗಿದ್ದರೆ ಅಧಿಕಾರಿ ಆ ಅಭಿಪ್ರಾಯವನ್ನು ಯೋಜನೆಯಲ್ಲಿ ಬರೆದುಕೊಳ್ಳಬಾರದು, ಎದುರಿಸಬೇಕು. ಕೇಳುವುದೆಂದರೆ ಒಪ್ಪುವುದಲ್ಲ. ಆದರೆ ಕೇಳದೆ ಎದುರಿಸುವ ಅಧಿಕಾರಿಯ ಮಾತನ್ನು ಊರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಯೋಜನೆ ತಜ್ಞರ ಕೆಲಸ, ಓದು ಬಾರದವರಿಗೆ ಅದೇನು ತಿಳಿದೀತು ಎನ್ನುವವರೂ ಉಂಟು. ಅಂಥವರಿಗೆ ನಾನು ಆ ಅಜ್ಜಿಯನ್ನು ತೋರಿಸಬಲ್ಲೆನೇ ಹೊರತು ಬೇರೆ ಉತ್ತರವನ್ನು ಕೊಡಲಾರೆ.

ಅದರ ಮುಂದಿನ ವರ್ಷ ನಾವು ಸಭೆಯನ್ನು ದೀಪಾವಳಿಯ ಮಾರನೆಯ ಸಂಜೆ ಕರೆದೆವು. ಕುರ್ಚಿಗಳಿರಲಿಲ್ಲ, ಶಾಲೆಯ ಅಂಗಳದಲ್ಲಿ ಜಮಖಾನೆ ಹಾಸಿದ್ದೆವು. ಹೆಂಗಸರೇ ಹೆಚ್ಚಾಗಿ ಬಂದರು. ಯಾರ ಮನೆಯವರು ಯಾವ ಕಡೆ ಹೋಗುತ್ತಾರೆಂದು ಒಬ್ಬೊಬ್ಬರೇ ಹೇಳುತ್ತಾ ಹೋದಂತೆ ಹಾಜರಿ ಪುಸ್ತಕದ ಹಿಂಬದಿಯ ಹಾಳೆಯಲ್ಲಿ ನಾನು ಬರೆದುಕೊಂಡೆ. ಅಜ್ಜಿಯರಿರುವ ಮನೆಗಳಲ್ಲಿ ಪಕ್ಕದ ಮನೆಯ ಮಕ್ಕಳನ್ನೂ ಇಟ್ಟುಕೊಳ್ಳಬಹುದೆಂದು ಒಬ್ಬಾಕೆ ಸೂಚಿಸಿದಳು. ಹಾಗಾದರೆ ಅವರ ಪಾಲಿನ ಜೋಳವನ್ನು ಯಾರು ಕೊಡಬೇಕೆಂಬ ಚರ್ಚೆ ಎದ್ದಿತು. ಅದು ಆ ರಾತ್ರಿ ಮುಗಿಯಲಿಲ್ಲ. ಲಾಟೀನಿನ ಎಣ್ಣೆ ತೀರಿದ ಮೇಲೂ ಅವರು ಎದ್ದು ಹೋಗದೆ, ನನ್ನನ್ನು ಮರೆತು, ತಮ್ಮತಮ್ಮಲ್ಲಿಯೇ ಲೆಕ್ಕ ಹಾಕುತ್ತ ಕುಳಿತಿದ್ದರು.