ಮೈ ಸೊರಗಿದರೆ ಮರೆವು

ಊರಿನಿಂದ ಕರೆತಂದ ತಂದೆತಾಯಿಗಳಿಗೆ ‘ನೀವು ಸುಮ್ಮನೆ ಕೂತಿರಿ’ ಎನ್ನುವುದೇ ಸೇವೆಯೆಂದು ನಾವು ಬಗೆಯುತ್ತೇವೆ. ಅಮೇರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು 2001ರಲ್ಲಿ ಮುಪ್ಪಿನ ನಿಶ್ಶಕ್ತಿಗೆ 5 ಕುರುಹು ಹೇಳಿದರು: ತಾನಾಗಿ ತೂಕ ಇಳಿಯುವುದು, ದಣಿವು, ಕೈಹಿಡಿತ ಸಡಿಲಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಇವುಗಳಲ್ಲಿ 3 ಕೂಡಿದರೆ ನಿಶ್ಶಕ್ತಿಯೆಂದೇ ಲೆಕ್ಕ. ಇಂಥವರಿಗೆ ಬುದ್ಧಿ ಮಂಕಾಗುವ ಸಂಭವವೂ ಹೆಚ್ಚೆಂದು ಸಂಶೋಧನೆಗಳು ತೋರಿಸಿವೆ. ಕಾಲು ಸೋತರೆ ಹೊರಗಿನ ಮಾತುಕತೆ ತಪ್ಪುತ್ತದೆ. ಭಾಷೆ ತಿಳಿಯದ ಪರಸ್ಥಳದಲ್ಲಂತೂ ಕೇಳುವುದೇ ಬೇಡ. ಮರೆವು ಹೆಚ್ಚಿದರೆ ಊಟ ತಪ್ಪಿ ಮೈ ಮತ್ತೂ ಸೊರಗುತ್ತದೆ. ಆದುದರಿಂದ ಮುಪ್ಪೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸೋಣ. ಸೊಪ್ಪು ಬಿಡಿಸುವ, ಹಾಲು ತರುವ ಕೆಲಸವನ್ನು ಅವರ ಕೈಯಿಂದ ಕಸಿಯದಿರೋಣ. ಸಂಜೆ ಜೊತೆಯಲ್ಲಿ ನಡೆದು, ನಮ್ಮ ಸಂಘದ ಕೂಟಗಳಿಗೂ ಅವರನ್ನು ಕರೆತರೋಣ.