ಹೊಸ್ತಿಲು ದಾಟಬೇಕಾದ ಕನ್ನಡ

ರವಿವಾರ ಸಂಜೆ ಸೊಲ್ಲಾಪುರದ ಸಿದ್ಧೇಶ್ವರ ಕೆರೆಯ ದಂಡೆಯಲ್ಲಿ ನಿಂತವರಿಗೆ ಒಂದು ನೋಟ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ತಾಯಿಯೊಬ್ಬಳು ನಾಲ್ಕೈದು ವರುಷದ ಮಗಳ ಕೈ ಹಿಡಿದು ಬರುತ್ತಾಳೆ. ರಿಕ್ಷಾದಿಂದ ಇಳಿಯುವಾಗ "ಸಾವಕಾಶ ಇಳಿಯವ್ವಾ, ಕಾಲ ಜಾರೀತು" ಎಂದವಳು ಅವಳೇ. ನೀರಿನ ಅಂಚಿಗೆ ಬಂದು, ಸುತ್ತ ನಾಲ್ಕು ಮಂದಿ ನಿಂತಿರುವುದನ್ನು ಕಂಡೊಡನೆ, "ಮಾಸೇ ಬಘ, ಕಿತೀ ಮೋಠೇ!" ಎನ್ನುತ್ತಾಳೆ. ಮಗು ಕಣ್ಣರಳಿಸಿ ನೋಡುತ್ತದೆ. ಮೀನು ಎಂಬ ಶಬ್ದ ಆ ಮಗುವಿಗೆ ಆ ಸಂಜೆ ದೊರೆಯಬಹುದಾಗಿತ್ತು, ದೊರೆಯಲಿಲ್ಲ.

ಇದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಗಡಿನಾಡಿನ ಕನ್ನಡದ ಅಳಿವು ಉಳಿವಿನ ಚರ್ಚೆ ನಡೆದಾಗಲೆಲ್ಲ ಶಾಲೆ, ಸರಕಾರ, ಪಠ್ಯಪುಸ್ತಕಗಳ ಮಾತೇ ಮುಂದೆ ಬರುತ್ತದೆಯಲ್ಲದೆ, ಮಕ್ಕಳನ್ನು ಕರೆದುಕೊಂಡು ತಿರುಗಾಡಲು ಹೋದಾಗ ಮನೆಯವರು ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂಬುದನ್ನು ಯಾರೂ ಕೇಳುವುದಿಲ್ಲ. ಮನೆಯೊಳಗೆ ಮಗು ಕೇಳುವ ಕನ್ನಡ ಬಹುಮಟ್ಟಿಗೆ ಉಣ್ಣು, ಮಲಗು, ಕೈ ತೊಳಿ, ಗದ್ದಲ ಮಾಡಬೇಡ ಎಂಬಷ್ಟಕ್ಕೇ ಸೀಮಿತವಾದದ್ದು. ಆನೆ, ಕೋಟೆ, ಮೊಸಳೆ, ನಕ್ಷತ್ರ, ಹೊಳೆ ಮೊದಲಾದ ಬೆರಗಿನ ಮಾತುಗಳು ಮನೆಯ ಹೊರಗೆ ಹುಟ್ಟುತ್ತವೆ. ಅವೆಲ್ಲವೂ ಬೇರೆ ಭಾಷೆಯಲ್ಲೇ ಬಂದರೆ, ಕನ್ನಡವೆಂದರೆ ಆಜ್ಞೆಯ ಮತ್ತು ಅಡುಗೆಮನೆಯ ಭಾಷೆ, ಲೋಕದ ಭಾಷೆ ಬೇರೆ ಎಂದು ಮಗು ತಾನಾಗಿಯೇ ತೀರ್ಮಾನಿಸಿಕೊಳ್ಳುತ್ತದೆ. ಆ ತೀರ್ಮಾನವನ್ನು ಮುಂದೆ ಯಾವ ಪಠ್ಯಪುಸ್ತಕವೂ ಸುಲಭವಾಗಿ ತಿದ್ದಲಾರದು.

ತಾಯಿ ಭಾಷೆ ಬದಲಿಸಿದ್ದು ಕನ್ನಡದ ಮೇಲಿನ ತಾತ್ಸಾರದಿಂದಲ್ಲ. ಪಕ್ಕದಲ್ಲಿ ನಿಂತವರಿಗೂ ತಿಳಿಯಲಿ ಎಂಬ ಸೌಜನ್ಯ, ಹಳ್ಳಿಯವರೆಂದು ತಿಳಿದಾರು ಎಂಬ ಅಳುಕು, ಮಗುವಿನ ಶಾಲೆಗೆ ಅನುಕೂಲವಾಗಲಿ ಎಂಬ ಕಾಳಜಿ ಇವೆಲ್ಲವೂ ಅದರಲ್ಲಿ ಬೆರೆತಿವೆ. ಮರಾಠಿಯೊಡನೆ ಜಗಳವೂ ಇಲ್ಲಿಯದಲ್ಲ. ಮರಾಠಿ ಈ ಊರಿನ ವ್ಯವಹಾರದ ಭಾಷೆ. ಸೊಲ್ಲಾಪುರದ ಕನ್ನಡ ಮಗು ಅದನ್ನು ಚೆನ್ನಾಗಿ ಕಲಿಯಬೇಕು, ಅದರ ಸಾಹಿತ್ಯವನ್ನೂ ಓದಬೇಕು. 2011ರ ಜನಗಣತಿಯಲ್ಲೇ ಒಂಬತ್ತೂವರೆ ಲಕ್ಷ ಜನರಿದ್ದ ಈ ನಗರದಲ್ಲಿ ನೇಕಾರರ ಓಣಿಗಳಲ್ಲಿ ತೆಲುಗು ಕೇಳುತ್ತದೆ, ಪೇಟೆಯಲ್ಲಿ ಉರ್ದು ಕೇಳುತ್ತದೆ. ಅವರಾರೂ ಕೆರೆಯ ದಂಡೆಗೆ ಬಂದಾಗ ತಮ್ಮ ಮಕ್ಕಳೊಡನೆ ಭಾಷೆ ಬದಲಿಸಬೇಕೆಂದು ಊರು ಕೇಳಿಲ್ಲ. ಕನ್ನಡಿಗರನ್ನೂ ಕೇಳಿಲ್ಲ. ಕೇಳದೇ ಬಿಟ್ಟುಕೊಟ್ಟದ್ದು ಇದು.

ತಿರುಗಾಟದ ಸ್ವರೂಪವೂ ಈಗ ಬದಲಾಗಿದೆ. ಹಿಂದೆ ಎಳ್ಳಮಾವಾಸ್ಯೆಗೆ ಪೇಟೆಯ ಮನೆಗಳವರೂ ಬುತ್ತಿ ಕಟ್ಟಿಕೊಂಡು ಬಳಗದವರ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬನ್ನಿಯ ಗಿಡದ ನೆರಳಲ್ಲಿ ಉಂಡು ಬರುತ್ತಿದ್ದರು. ಲಾತೂರು, ಧಾರಾಶಿವದ ಕಡೆಯ ಮರಾಠಿಗರು ಅದೇ ಹಬ್ಬವನ್ನು 'ಯೇಳವಸ' ಎನ್ನುತ್ತಾರೆ. ಆ ಹೆಸರಿನೊಳಗೆ ಎಳ್ಳಮಾವಾಸ್ಯೆ ಅಡಗಿರುವುದನ್ನು ಕನ್ನಡದ ವಿದ್ಯಾರ್ಥಿ ಒಮ್ಮೆಗೇ ಗುರುತಿಸಬಲ್ಲ. ಇಂದು ಮಕ್ಕಳನ್ನು ಕರೆದೊಯ್ಯುವುದೆಂದರೆ ಮಾಲಿನ ಆಟದ ಯಂತ್ರಗಳ ಮುಂದೆ ನಿಲ್ಲಿಸಿ ಬರುವುದೆಂಬ ರೂಢಿ ಬೆಳೆಯುತ್ತಿದೆ. ಸೊಲ್ಲಾಪುರದ ಏಪ್ರಿಲ್–ಮೇ ತಿಂಗಳ ಬಿಸಿಲು ಬಲ್ಲವರು ತಂಪಾದ ಕಟ್ಟಡ ಹೊಕ್ಕ ತಾಯಿತಂದೆಯರನ್ನು ದೂರಲಾರರು. ಆದರೆ ಅಲ್ಲಿ ಮಗು ಯಂತ್ರದೊಡನೆ ಇರುತ್ತದೆ, ಹಿರಿಯರು ಫೋನಿನೊಡನೆ ಇರುತ್ತಾರೆ. ಖರ್ಚಾದ ಹಣಕ್ಕಿಂತ, ಆ ಎರಡು ತಾಸಿನಲ್ಲಿ ಅವರ ನಡುವೆ ಹತ್ತು ವಾಕ್ಯವೂ ಹುಟ್ಟದಿರುವುದು ದೊಡ್ಡ ನಷ್ಟ.

ಚಳಿಗಾಲ, ಮಳೆಗಾಲಗಳಲ್ಲಂತೂ ಈ ನೆವವಿಲ್ಲ. ಹೋಗಬಹುದಾದ ಎಡೆಗಳಿಗೂ ಕೊರತೆಯಿಲ್ಲ. ಕೆರೆಯಿಂದಲೇ ಆರಂಭಿಸಬಹುದು. ಹನ್ನೆರಡನೆಯ ಶತಮಾನದ ಸಿದ್ಧರಾಮ ಈ ಊರು ಸೊನ್ನಲಿಗೆಯಾಗಿದ್ದಾಗ ಕೆರೆ ಕಟ್ಟಿಸಿದ ಕಥೆಯನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಬಲ್ಲರು. ರಾಘವಾಂಕನ 'ಸಿದ್ಧರಾಮ ಚಾರಿತ್ರ'ದ ಮೇಲೆ ಟಿಪ್ಪಣಿ ಬರೆಯುವ ಅವರಲ್ಲಿ ಎಷ್ಟು ಮಂದಿ ಮನೆಯ ತಮ್ಮನನ್ನೋ ಅಕ್ಕನ ಮಗಳನ್ನೋ ಇದೇ ದಂಡೆಗೆ ಕರೆತಂದು, "ಈ ಕೆರಿ ಒಬ್ಬ ಕನ್ನಡದಾಗ ವಚನಾ ಬರದಾಂವ ಕಟ್ಟಿಸಿದ್ದು" ಎಂದು ಹೇಳಿದ್ದಾರೆ? ಸಂಕ್ರಾಂತಿಯ ಹೊತ್ತಿಗೆ ನಡೆಯುವ ಗಡ್ಡಾ ಜಾತ್ರೆಗೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಊರಿಗೆ ಊರೇ ಬರುತ್ತದೆ. ಏಳು ನಂದಿಧ್ವಜಗಳು ಅರವತ್ತೆಂಟು ಲಿಂಗಗಳ ದರ್ಶನಕ್ಕೆ ಹೊರಡುತ್ತವೆ. ಆ ಜಾತ್ರೆಯ ವಿಧಿಯೊಂದನ್ನು ಮರಾಠಿ ಪತ್ರಿಕೆಗಳು ವರುಷವರುಷವೂ 'ಯಣ್ಣೀಮಜ್ಜನ' ಎಂದು ಅಚ್ಚು ಮಾಡುತ್ತವೆ. ಅದು ಎಣ್ಣೆಮಜ್ಜನ. ಮರಾಠಿಯನ್ನಷ್ಟೇ ಬಲ್ಲ ಮಗುವಿಗೆ ಅದು ಅರ್ಥವಿಲ್ಲದ ಹೆಸರು; ಕನ್ನಡದ ಮಗುವಿಗೆ ಅಜ್ಜಿ ತನ್ನ ತಲೆಗೆ ಹಚ್ಚುವ ಎಣ್ಣೆಯೇ ಅದರಲ್ಲಿ ಕಾಣಬೇಕು. ತೋರಿಸುವವರು ಬೇಕು, ಅಷ್ಟೇ.

ಕೆರೆಯ ಮಗ್ಗುಲಿಗೇ ಭೂಯಿಕೋಟೆಯಿದೆ. ಬಹಮನಿ ಕಾಲದ ಈ ಕೋಟೆಯ ಗೋಡೆಯ ಗುಂಟ ಓಡುವ ಮಕ್ಕಳಿಗೆ ಇತಿಹಾಸದ ಪಾಠ ಬೇಕಾಗಿಲ್ಲ. ಅಗಸಿ, ಕೊತ್ತಲ, ಕಂದಕ ಎಂಬ ಮೂರು ಮಾತು ಸಾಕು. ಮರಾಠಿಯ 'ಖಂದಕ'ವೂ ಕನ್ನಡದ 'ಕಂದಕ'ವೂ ಒಂದೇ ಎಂದು ಮಗುವೇ ಕಂಡುಹಿಡಿದರೆ ಅದರ ಸಂತೋಷ ಯಾವ ಆಟದ ಯಂತ್ರದಿಂದಲೂ ದೊರೆಯದು.

ಊರಿನಿಂದ ಸುಮಾರು 20 ಕಿಲೋಮೀಟರ್ ದೂರದ ನಾನ್ನಜದಲ್ಲಿ 1979ರಲ್ಲಿ ಘೋಷಿತವಾದ ಮಾಳಢೋಕ ಪಕ್ಷಿಧಾಮವಿದೆ. ಮಳೆಗಾಲ ಮುಗಿದ ಮೇಲೆ ಹುಲ್ಲು ಬೆಳೆದ ಆ ಬಯಲಿನಲ್ಲಿ ಕೃಷ್ಣಮೃಗಗಳ ಹಿಂಡು ಕಾಣಸಿಗುತ್ತದೆ. ನಗರದ ಮಗು ಅದನ್ನು 'ಹರಿಣ' ಎನ್ನುತ್ತದೆ, ಇಲ್ಲವೆ 'ಡಿಯರ್' ಎನ್ನುತ್ತದೆ. ಅದರ ಅಜ್ಜಿ ಇನ್ನೂ 'ಚಿಗರಿ' ಎನ್ನುತ್ತಾಳೆ. ಮಾಳಢೋಕಕ್ಕೂ ಕನ್ನಡದಲ್ಲಿ ಹೆಸರುಗಳಿವೆ: ಎರ್ಲಡ್ಡು, ಎರೆಭೂತ, ದೊರವಾಯನ ಹಕ್ಕಿ. ಎರೆಯ ಹೊಲದ ಜನ ಕಂಡು ಇಟ್ಟ ಹೆಸರುಗಳು ಅವು. ಹಕ್ಕಿ ಈಗ ಅಳಿವಿನ ಅಂಚಿನಲ್ಲಿದೆ; ಹೋದವರಿಗೆಲ್ಲ ಅದು ಕಾಣುತ್ತದೆಂಬ ಭರವಸೆಯಿಲ್ಲ. ಹೆಸರೂ ಅದೇ ದಾರಿ ಹಿಡಿದಿದೆ. ಹಕ್ಕಿಯನ್ನು ಉಳಿಸುವುದು ಒಂದು ಕುಟುಂಬದ ಕೈಯಲ್ಲಿಲ್ಲ, ಹೆಸರನ್ನು ಉಳಿಸುವುದು ಖಂಡಿತವಾಗಿಯೂ ಇದೆ. ಹೋಗುವಾಗ ಅಜ್ಜಿಯನ್ನು ಮನೆ ಕಾಯಲು ಬಿಡದೆ ಜೊತೆಗೆ ಕರೆದೊಯ್ದರೆ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ.

ಇನ್ನೊಂದು ದಿನದ ಬುತ್ತಿಗೆ ಭೀಮಾ–ಸೀನಾ ನದಿಗಳು ಕೂಡುವ ಹತ್ತರಸಂಗ ಕುಡಲ ಇದೆ. ಕುಡಲ ಎಂಬ ಹೆಸರಿನಲ್ಲಿ ಕನ್ನಡದ 'ಕೂಡಲ' ಸ್ಪಷ್ಟವಾಗಿ ಕೇಳುತ್ತದೆ. ಹೊಳೆಗಳು ಕೂಡುವ ಜಾಗವನ್ನು ಮಕ್ಕಳು ಕಣ್ಣಾರೆ ನೋಡಿದ ಮೇಲೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಅಲ್ಲಿಯ ಗುಡಿಯಲ್ಲಿಯೇ ಶಕ 940ರ, ಎಂದರೆ 1018ರ, ಮರಾಠಿ ಶಾಸನವಿದೆ. ಮರಾಠಿಯ ಅತಿ ಹಳೆಯ ಶಾಸನಗಳ ಸಾಲಿನಲ್ಲಿ ಅದಕ್ಕೆ ಸ್ಥಾನವಿದೆ. ಊರಿನ ಹೆಸರು ಕನ್ನಡ, ಕಲ್ಲಿನ ಬರಹ ಮರಾಠಿ. ಸಾವಿರ ವರುಷಗಳ ಹಿಂದೆಯೇ ಇವೆರಡೂ ಒಂದೇ ಹೊಳೆಯ ನೀರು ಕುಡಿದಿವೆ. ಈ ಜಿಲ್ಲೆಯ ಶಾಸನಗಳನ್ನು ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಅವರು ಒಂದು ಸಂಪುಟದಲ್ಲಿ ಕೂಡಿಯೇ ಸಂಪಾದಿಸಿಕೊಟ್ಟರು. ಒಬ್ಬರು ಧಾರವಾಡದ ವಿದ್ವಾಂಸರು, ಇನ್ನೊಬ್ಬರು ಸೊಲ್ಲಾಪುರದ ಸಂಶೋಧಕರು. ಒಂದು ಭಾಷೆಯನ್ನು ಗಟ್ಟಿಯಾಗಿ ನುಡಿದರೆ ಇನ್ನೊಂದಕ್ಕೆ ಅವಮಾನವಾಗುತ್ತದೆಂಬ ಅಳುಕಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ: ಮಕ್ಕಳು ಆಡಲು ಬಂದಿದ್ದಾರೆ, ತಿರುಗಾಟವನ್ನೂ ಪಾಠ ಮಾಡಿದರೆ ಅವರು ಮುಂದಿನ ಸಲ ಬಾರರು. ಆಕ್ಷೇಪ ಸರಿಯಾದದ್ದೇ. ಹೆಜ್ಜೆಹೆಜ್ಜೆಗೂ "ಇದಕ್ಕ ಕನ್ನಡದಾಗ ಏನಂತಾರ ಹೇಳು" ಎಂದು ಪರೀಕ್ಷೆ ನಡೆಸುವ ಕಾಕಾ ಯಾವ ಮಗುವಿಗೂ ಬೇಡ. ಆದರೆ ಬೇಕಾಗಿರುವುದು ಪಾಠವಲ್ಲ, ರೂಢಿ. ಮನೆಯಿಂದ ಹೊರಟ ಮಾತು ಕೆರೆಯವರೆಗೂ ಅದೇ ಭಾಷೆಯಲ್ಲಿ ಬಂದರೆ ಸಾಕು. ಮಗು ಮರಾಠಿಯಲ್ಲಿ ಉತ್ತರಿಸಿದರೆ ಗದರಬೇಕಾಗಿಲ್ಲ. ಕೇಳಿದವರು ಕನ್ನಡದಲ್ಲಿಯೇ ಮಾತು ಮುಂದುವರಿಸಿದರಾಯಿತು. ಹಿರಿಯರಿಗೂ ಕನ್ನಡದ ಶಬ್ದ ಹೊಳೆಯದಿದ್ದರೆ, "ನನಗೂ ಗೊತ್ತಿಲ್ಲ, ಮನಿಗಿ ಹೋಗಿ ಆಯಿಗೆ ಕೇಳೂಣು" ಎನ್ನುವುದರಲ್ಲಿ ನಾಚಿಕೆಯಿಲ್ಲ.

ಈ ಕೆಲಸದಲ್ಲಿ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳ ಪಾಲು ದೊಡ್ಡದು. ತಾಯಿತಂದೆಯರಿಗೆ ಗಿರಣಿ, ಅಂಗಡಿ, ನೌಕರಿಗಳ ದಣಿವಿರುತ್ತದೆ. ಅಕ್ಕನಿಗೆ, ಸೋದರಮಾವನಿಗೆ ರವಿವಾರ ಬಿಡುವಿರುತ್ತದೆ. ತಿಂಗಳಿಗೊಂದು ರವಿವಾರ ಓಣಿಯ ನಾಲ್ಕು ಮಕ್ಕಳನ್ನು ಕರೆದುಕೊಂಡು, ಕಡಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟರೆ ಹೆಚ್ಚಿನ ಖರ್ಚೇನಿಲ್ಲ. ಮಕ್ಕಳ ಬಾಯಿಂದಲೂ ಅಜ್ಜಿಯರ ಬಾಯಿಂದಲೂ ಬಂದ ಶಬ್ದಗಳನ್ನು ವಹಿಯಲ್ಲಿ ಬರೆದಿಟ್ಟರೆ ವಿಭಾಗಕ್ಕೆ ಒಂದು ಶಬ್ದಸಂಗ್ರಹವೂ ಆದೀತು.

ಐಚ್ಛಿಕ ಕನ್ನಡದ ತರಗತಿಯಲ್ಲಿ ಬೆಂಚುಗಳು ತೆರವಾಗುತ್ತಿವೆ ಎಂಬ ಚಿಂತೆ ಗಡಿಯ ಕಾಲೇಜುಗಳಲ್ಲಿ ಕೇಳಿಬರುತ್ತಲೇ ಇದೆ. ಇನ್ನು ಹದಿಮೂರು, ಹದಿನಾಲ್ಕು ವರುಷಗಳ ಮೇಲೆ ಆ ಬೆಂಚುಗಳ ಮೇಲೆ ಕೂರಬೇಕಾದವರು ಈಗ ಕೆರೆಯ ದಂಡೆಯಲ್ಲಿ ಮೀನಿಗೆ ಚುರುಮುರಿ ಎಸೆಯುತ್ತಿದ್ದಾರೆ. ಅವರೊಡನೆ ಯಾರು ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂಬುದು ಬರುವ ರವಿವಾರವೇ ತೀರ್ಮಾನವಾಗುವ ಸಂಗತಿ.