ಪರೀಕ್ಷೆ ಮಾಡಲಿ, ಒಟ್ಟಿಗಿಟ್ಟು ಮಾಡಲಿ

ಉಪನೋಂದಣಾಧಿಕಾರಿ ಕಚೇರಿಗೆ ಗುಮಾಸ್ತನಾಗಿ ಸೇರಿ, ಪ್ರಥಮ ದರ್ಜೆ ಸಹಾಯಕನಾಗಿ ನಿವೃತ್ತನಾದವನು ನಾನು. ಹಾಸನ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳಲ್ಲಿ ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರಗಳ ಜೊತೆಗೆ ಮದುವೆಗಳನ್ನೂ ದಫ್ತರಿಗೆ ಏರಿಸಿದ್ದೇನೆ. ನನ್ನ ಕಾಲದಲ್ಲಿ ಮದುವೆ ನೋಂದಣಿಗೆ ಬರುತ್ತಿದ್ದವರು ಎರಡೇ ಬಗೆ: ಮನೆಯವರಿಗೆ ಹೇಳದೆ ಬಂದವರು, ಇಲ್ಲವೇ ಪಾಸ್‌ಪೋರ್ಟಿಗೆ ಕಾಗದ ಬೇಕಾದವರು. ಮಿಕ್ಕವರಿಗೆಲ್ಲ ಛತ್ರದಲ್ಲಿ ಉಂಡು ಹೋದ ಜನವೇ ದಾಖಲೆ. 2006ರಲ್ಲಿ ಸೀಮಾ ವಿರುದ್ಧ ಅಶ್ವನಿ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎಲ್ಲ ಧರ್ಮದವರ ಮದುವೆಗೂ ನೋಂದಣಿ ಕಡ್ಡಾಯವಾಗಬೇಕು ಎಂದ ಮೇಲೂ ನಮ್ಮ ಕೌಂಟರಿನ ಮುಂದೆ ಸಾಲೇನೂ ಬೆಳೆಯಲಿಲ್ಲ. ಹಾಗಾಗಿ ಮದುವೆಗೆ ದಾಖಲೆ ಕೇಳುವವರ ಮೇಲೆ ನನಗೆ ಮುನಿಸಿಲ್ಲ. ಕೇಳಬೇಕು. ಸರ್ವಿಸ್ ಇಡೀ ನಾನು ಕೇಳಿದ್ದೂ ಅದನ್ನೇ.

ನನ್ನ ತಕರಾರು ಬೇರೆ. ಮಗಳನ್ನು ಅಮೆರಿಕದ ಪ್ರಜೆಗೆ ಕೊಟ್ಟೆವು. ಹುಡುಗ ನ್ಯೂಜೆರ್ಸಿಯಲ್ಲೇ ಹುಟ್ಟಿ ಬೆಳೆದವನು. ಮನೆತನ ಅರಕಲಗೂಡಿನ ಕಡೆಯದು. ಅದೇ ವೈಶಾಖದಲ್ಲಿ ನಮ್ಮ ಬೀದಿಯಲ್ಲಿ ಇನ್ನೊಂದು ಮದುವೆ ಆಯಿತು. ಆ ಹುಡುಗನೂ ಅಮೆರಿಕದಲ್ಲಿದ್ದವನೇ, ಆದರೆ ಎಚ್-1ಬಿ ಮೇಲೆ ಹೋದ ಸಾಫ್ಟ್‌ವೇರ್ ಕೆಲಸಗಾರ. ಅವನ ಹೆಂಡತಿಗೆ ಎಚ್-4 ವೀಸಾ ಸಿಕ್ಕಿ, ಕೆಲವೇ ತಿಂಗಳಲ್ಲಿ ಅವಳು ವಿಮಾನ ಹತ್ತಿದಳು. ನಮ್ಮ ಮಗಳು ಮನೆಯಲ್ಲೇ ಇದ್ದಳು. ಅರಿಸಿನ-ಕುಂಕುಮಕ್ಕೆ ಹೋದಲ್ಲೆಲ್ಲ ನನ್ನ ಹೆಂಡತಿಗೆ ಒಂದೇ ಪ್ರಶ್ನೆ: "ನಿಮ್ಮ ಅಳಿಯಂದಿರು ಸಿಟಿಜನ್ ಅಲ್ವೇನ್ರೀ? ಮತ್ತೆ ಯಾಕಿನ್ನೂ ಕರೆಸ್ಕೊಂಡಿಲ್ಲ?" ಆ ಪ್ರಶ್ನೆಯ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಇತ್ತು, ಅದನ್ನು ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ನಮ್ಮ ಊರುಗಳಲ್ಲಿ ಗಂಡ ವಿದೇಶಕ್ಕೆ ಹೋಗಿ ತಿರುಗಿ ನೋಡದ ಹೆಣ್ಣುಮಕ್ಕಳ ಕಥೆ ಒಂದೆರಡಲ್ಲ.

ಉತ್ತರ ಕಾನೂನಿನಲ್ಲಿದೆ. ದುಡಿಯಲು ತಾತ್ಕಾಲಿಕವಾಗಿ ಹೋದವನ ಹೆಂಡತಿ ನೇರವಾಗಿ ಕಾನ್ಸುಲೇಟಿಗೆ ಅರ್ಜಿ ಹಾಕುತ್ತಾಳೆ. ಪ್ರಜೆಯ ಹೆಂಡತಿಗೆ ಆ ದಾರಿ ಇಲ್ಲ, ಅವಳು ಹೋಗುವುದು ಕಾಯಂ ಆಗಿ ನೆಲೆಸಲು. ಮೊದಲು ಗಂಡ ಅಲ್ಲಿಯ ವಲಸೆ ಇಲಾಖೆಗೆ ಐ-130 ಎಂಬ ಅರ್ಜಿ ಹಾಕಬೇಕು. 2024ರ ಏಪ್ರಿಲ್‌ನಿಂದ ಅದರ ಶುಲ್ಕ ಕಾಗದದಲ್ಲಾದರೆ 675 ಡಾಲರ್, ಆನ್‌ಲೈನಾದರೆ 625. ಅದು ಮಂಜೂರಾದ ಮೇಲೆ ಕಡತ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೋರ್ಟ್ಸ್‌ಮತ್‌ನಲ್ಲಿರುವ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ 325 ಡಾಲರ್ ಒಮ್ಮೆ, 120 ಡಾಲರ್ ಇನ್ನೊಮ್ಮೆ. ಡಿಎಸ್-260 ಎಂಬ ಉದ್ದನೆಯ ಅರ್ಜಿ, ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಎರಡೂ ಒಬ್ಬಳೇ ಎಂದು ಅಫಿಡವಿಟ್ಟು. ಇದೆಲ್ಲ ಮುಗಿದು ಸಂದರ್ಶನದ ದಿನ ಬರುವಷ್ಟರಲ್ಲಿ ಸಾಮಾನ್ಯವಾಗಿ ವರ್ಷ ದಾಟಿರುತ್ತದೆ, ಎಷ್ಟೋ ಜನಕ್ಕೆ ಒಂದೂವರೆ ವರ್ಷವೂ ಆಗುತ್ತದೆ. ಗಂಡ ಪ್ರಜೆಯಲ್ಲದೆ ಬರಿಯ ಗ್ರೀನ್ ಕಾರ್ಡಿನವನಾದರೆ ವರ್ಷಕ್ಕಿಷ್ಟೇ ಎಂಬ ಮಿತಿಯೂ ಇದೆ, ಪಾಳಿ ಇನ್ನೂ ಉದ್ದ.

ಪ್ರಜೆಯ ಗಂಡ ಅಥವಾ ಹೆಂಡತಿಗೆ ಅಂಥ ಮಿತಿ ಇಲ್ಲ. ಎಷ್ಟು ಜನ ಬೇಕಾದರೂ ಹೋಗಬಹುದು ಎನ್ನುವುದು ಅವರದೇ ಕಾನೂನು. ಅಂದರೆ ಜಾಗ ಖಾಲಿಯಾಗಲಿ ಎಂದು ಇವರು ಕಾಯುತ್ತಿಲ್ಲ. ಕಡತ ಮೇಲಕ್ಕೆ ಬರಲಿ ಎಂದು ಕಾಯುತ್ತಿದ್ದಾರೆ. ಕಚೇರಿಯಲ್ಲಿ ಬೆಳೆದವನಿಗೆ ಈ ವ್ಯತ್ಯಾಸ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ನಡುವೆ ಗಂಡನನ್ನು ನೋಡಿಕೊಂಡು ಬರಲು ಹೋಗಬಾರದೇ? ಪ್ರವಾಸಿ ವೀಸಾ ಕೇಳಿದರೆ ಎದುರಿಗೆ ನಿಲ್ಲುವುದು ಅವರ ವಲಸೆ ಕಾಯ್ದೆಯ 214(ಬಿ) ಕಲಮು. ಬರುವವರೆಲ್ಲ ಅಲ್ಲೇ ಉಳಿಯಲು ಬರುವವರು ಎಂದು ಮೊದಲೇ ಎಣಿಸಿಕೊಳ್ಳುವುದು, ಹಾಗಲ್ಲ ಎಂದು ಅರ್ಜಿದಾರರೇ ಸಾಬೀತು ಮಾಡುವುದು ಅದರ ಕ್ರಮ. ಉಳಿಯಲು ಬರುತ್ತೇನೆ ಎಂದು ಗಂಡನ ಮೂಲಕ ಶುಲ್ಕ ಕಟ್ಟಿ ಬರೆದುಕೊಟ್ಟವಳು ಏನೆಂದು ಸಾಬೀತು ಮಾಡಿಯಾಳು? ಹಾಗಾಗಿ ಗಂಡನೇ ಬರಬೇಕು, ಅವನಿಗೆ ಸಿಗುವ ರಜೆಯಲ್ಲಿ. ಮದುವೆಗೆಂದು ರಜೆಯೆಲ್ಲ ತೀರಿಸಿದ್ದ ನಮ್ಮ ಅಳಿಯ ಮೊದಲ ದೀಪಾವಳಿಗೆ ಬರಲಿಲ್ಲ. ಅತ್ತೆ ಎಣ್ಣೆ ಒತ್ತಲು ತೆಗೆದಿಟ್ಟಿದ್ದ ಬೆಳ್ಳಿ ಬಟ್ಟಲು ಮತ್ತೆ ಬೀರು ಸೇರಿತು.

ಆಮೇಲೆ ಬಂತು ಸಾಕ್ಷ್ಯದ ಸರದಿ. ನಮ್ಮ ನೋಂದಣಿ ಪ್ರಮಾಣಪತ್ರ ಬೇಕೇ ಬೇಕು, ಆದರೆ ಅದೊಂದೇ ಸಾಲದು. ಮದುವೆ ನಿಜವಾದದ್ದು, ವೀಸಾಕ್ಕಾಗಿ ಹೂಡಿದ್ದಲ್ಲ ಎಂದು ತೋರಿಸಬೇಕು. ಜಂಟಿ ಬ್ಯಾಂಕ್ ಖಾತೆ, ಇಬ್ಬರ ಹೆಸರಿನ ಬಾಡಿಗೆ ಕರಾರು, ವಿಮೆಯ ನಾಮಿನಿ, ಒಟ್ಟಿಗೆ ಹೋಗಿಬಂದ ಟಿಕೆಟ್ಟುಗಳು, ಫೋಟೋ, ಪತ್ರ. ಮಗಳು ಹಜಾರದಲ್ಲಿ ಜಮಖಾನ ಹಾಸಿ ಎಲ್ಲವನ್ನೂ ಹರಡಿದಳು. ಕರಾರು ಎಲ್ಲಿಂದ ಬರಬೇಕು, ಒಂದು ಮನೆಯಲ್ಲಿ ಇದ್ದರೆ ತಾನೇ? ಕೊನೆಗೆ ವಾಟ್ಸಾಪ್ ಮಾತುಕತೆಯನ್ನೇ ಪ್ರಿಂಟ್ ತೆಗೆಸಿದಳು. ಪುಟ ಜೋಡಿಸಿ ಪಂಚ್ ಮಾಡುವುದು ನನ್ನ ಕೈಗೆ ಪಳಗಿದ ಕೆಲಸ, ನಾನು ಮಾಡಿಕೊಟ್ಟೆ. ಓದಬಾರದು ಎಂದುಕೊಂಡರೂ ಕಣ್ಣಿಗೆ ಬೀಳುತ್ತಿತ್ತು: "ಊಟ ಆಯ್ತಾ?" "ಆಯ್ತು, ನಿಮ್ದು?" "ಇನ್ನೂ ಇಲ್ಲ, ಮೀಟಿಂಗ್." ಮುಂದಿನ ಪುಟದಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ನಮ್ಮ ಕಡೆ ಗಂಡ-ಹೆಂಡಿರು ಫೋನಿನಲ್ಲಿ ಇದಕ್ಕಿಂತ ಹೆಚ್ಚೇನೂ ಆಡುವುದಿಲ್ಲ ಎಂದು ಅಮೆರಿಕದ ಅಧಿಕಾರಿಗೆ ಯಾರು ತಿಳಿಸಬೇಕು? ಖಾತೆದಾರನನ್ನು ಜಮೀನಿನೊಳಕ್ಕೆ ಕಾಲಿಡಲು ಬಿಡದೆ, ಪಹಣಿಯಲ್ಲಿ ಅನುಭವದ ಕಲಂ ಯಾಕೆ ಖಾಲಿ ಎಂದು ಕೇಳಿದ ಹಾಗಾಯಿತು ಇದು.

ಆ ಕಟ್ಟಿನಲ್ಲಿ ನನಗೆ ಮೆಚ್ಚುಗೆಯಾದ ಕಾಗದ ಒಂದಿತ್ತು, ಐ-864. ಗಂಡ ಅಲ್ಲಿನ ಸರ್ಕಾರಕ್ಕೆ ಬರೆದುಕೊಡುವ ಜಾಮೀನು ಪತ್ರ ಅದು. ಅವರ ಬಡತನದ ರೇಖೆಯ ಶೇ 125ರಷ್ಟು ವರಮಾನ ಇರಬೇಕು. 2025ರ ಲೆಕ್ಕದಲ್ಲಿ ಇಬ್ಬರ ಸಂಸಾರಕ್ಕೆ ವರ್ಷಕ್ಕೆ ಸುಮಾರು 26,437 ಡಾಲರ್. ಹೆಂಡತಿಯನ್ನು ಆ ಮಟ್ಟಕ್ಕಿಂತ ಕೆಳಗೆ ಬೀಳಲು ಬಿಟ್ಟರೆ ಅವಳೇ ಕೋರ್ಟಿಗೆ ಹೋಗಬಹುದು. ವಿಚ್ಛೇದನವಾದರೂ ಜಾಮೀನು ಕಳಚುವುದಿಲ್ಲ. ಹೆಣ್ಣು ಕೊಡುವಾಗ ಒಡವೆ ಪಟ್ಟಿಯನ್ನು ನಾಲ್ಕು ಸಲ ಓದುವ ಅಪ್ಪಂದಿರು ಈ ಕಾಗದದ ಪ್ರತಿಯನ್ನು ಮಗಳ ಪೆಟ್ಟಿಗೆಯಲ್ಲಿಡಬೇಕು. ನಾನು ಇಟ್ಟಿದ್ದೇನೆ.

ಸಂದರ್ಶನ ಮುಂಬೈಯಲ್ಲಿ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ಇಡೀ ರಾಜ್ಯ ಸಂಭ್ರಮಿಸಿತು, ಪತ್ರಿಕೆಗಳ ತುಂಬ ಫೋಟೋ. ಆದರೆ ವೀಸಾ ಕೆಲಸ ಅಂದು ಅಲ್ಲಿ ಶುರುವಾಗಲಿಲ್ಲ. ನಾವು ರೈಲು ಹತ್ತಿದ್ದು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿಗೆ. ಮೊದಲು ಅವರು ಗೊತ್ತುಮಾಡಿದ ಡಾಕ್ಟರ ಹತ್ತಿರ ಎದೆಯ ಎಕ್ಸ್-ರೇ, ರಕ್ತಪರೀಕ್ಷೆ, ಲಸಿಕೆ. ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಯ ಕಾರ್ಡು ಎಲ್ಲಿ ಎಂದು ಕೇಳಿದರೆ ಯಾರ ಮನೆಯಲ್ಲಿದೆ? ಮತ್ತೊಮ್ಮೆ ಚುಚ್ಚಿಸಿಕೊಂಡಳು. ಸಂದರ್ಶನದ ದಿನ ಮೊಬೈಲು, ಬ್ಯಾಗು ಒಳಗೆ ಬಿಡುವುದಿಲ್ಲ, ಅಪ್ಪನನ್ನೂ ಬಿಡುವುದಿಲ್ಲ. ಅವಳ ಫೋನು ನನ್ನ ಅಂಗಿ ಜೇಬಿನಲ್ಲಿ. ಫುಟ್‌ಪಾತಿನಲ್ಲಿ ನನ್ನ ಹಾಗೆ ನಿಂತ ಮಂದಿ ಬೇಕಾದಷ್ಟಿದ್ದರು. ಗಾಜಿನ ಕಟ್ಟಡಗಳ ನಡುವೆ ನೆರಳು ಹುಡುಕಿಕೊಂಡು ಸರಿಯುತ್ತಾ, ಒಬ್ಬರ ಮಕ್ಕಳ ಕಥೆ ಇನ್ನೊಬ್ಬರು ಕೇಳುತ್ತಾ ಹೊತ್ತು ಕಳೆದೆವು. ಅಹಮದಾಬಾದಿನ ಕಡೆಯ ಒಬ್ಬ ಹಿರಿಯರು ಸೊಸೆಯನ್ನು ಕರೆತಂದಿದ್ದರು. ಆ ಸೊಸೆಯ ಕೈಯಲ್ಲಿ ಮಗು, ಮಗುವಿಗೆ ಅಪ್ಪನ ಪರಿಚಯ ವಿಡಿಯೋ ಕಾಲಿನಲ್ಲಿ.

ಮಗಳು ಹೊರಬಂದಾಗ ಮುಖ ನೋಡಿದರೇ ತಿಳಿಯಿತು. ಕಿಟಕಿಯ ಮುಂದೆ ನಿಂತದ್ದು ಕೆಲವೇ ನಿಮಿಷವಂತೆ. ಸಂಬಂಧ ಹೇಗೆ ಕೂಡಿತು, ಹುಡುಗನಿಗೆ ಕೆಲಸ ಎಲ್ಲಿ, ಮದುವೆಗೆ ಅವನ ಕಡೆಯಿಂದ ಯಾರ್ಯಾರು ಬಂದಿದ್ದರು, ಕೊನೆಯ ಸಲ ಭೇಟಿಯಾದದ್ದು ಯಾವಾಗ. ಇವಳು ಕೊಟ್ಟ ಫೋಟೋಗಳಲ್ಲಿ ಮೊದಲನೆಯದು ಅಂತರಪಟ ಹಿಡಿದದ್ದು. "ಇದರಲ್ಲಿ ಹುಡುಗ ಎಲ್ಲಿ?" ಎಂದು ಅಧಿಕಾರಿ ಕೇಳಿದರಂತೆ. ಬಟ್ಟೆಯ ಆಚೆ ಇದ್ದಾನೆ ಎಂದಳಂತೆ ಇವಳು. ಆತ ನಕ್ಕು ಮುಂದಿನ ಫೋಟೋ ತಿರುಗಿಸಿದರು. ವಾಟ್ಸಾಪ್ ಕಟ್ಟನ್ನು ಮುಟ್ಟಲೇ ಇಲ್ಲ. ಮರ್ಯಾದಸ್ಥ ಮನುಷ್ಯ, ಅವರ ಬಗ್ಗೆ ನನ್ನದೇನೂ ದೂರಿಲ್ಲ. ಆದರೆ ನಿಮಿಷಗಳಲ್ಲಿ ತೀರ್ಮಾನವಾಗುವುದಕ್ಕೆ ವರ್ಷದ ಮೇಲೆ ಕಾಯಿಸಿದ್ದು ಯಾವ ತನಿಖೆಗೆ? ಆ ಅವಧಿಯಲ್ಲಿ ನಮ್ಮ ಮನೆಗೆ ಯಾರೂ ಬರಲಿಲ್ಲ, ಛತ್ರದವರನ್ನಾಗಲಿ ಪುರೋಹಿತರನ್ನಾಗಲಿ ಯಾರೂ ವಿಚಾರಿಸಲಿಲ್ಲ. ಕಾಯಿಸುವುದು ಬೇರೆ, ಪರೀಕ್ಷಿಸುವುದು ಬೇರೆ.

ಸುಳ್ಳು ಮದುವೆಗಳು ಇಲ್ಲವೆಂದು ನಾನು ಹೇಳಲಾರೆ. ಒಂದೇ ಮುಖ ವಾರದಲ್ಲಿ ಎರಡು ಬೇರೆ ಬೇರೆ ಜೋಡಿಗೆ ಆಪ್ತ ಸ್ನೇಹಿತನೆಂದು ಸಾಕ್ಷಿ ಹಾಕಲು ಬಂದದ್ದನ್ನು ನಮ್ಮ ಕಚೇರಿಯಲ್ಲೇ ಕಂಡಿದ್ದೇನೆ. ಅಮೆರಿಕದವರು ಇದಕ್ಕೆ 1986ರಲ್ಲೇ ಕಾನೂನು ಮಾಡಿಕೊಂಡಿದ್ದಾರೆ. ಮದುವೆಯಾಗಿ ಎರಡು ವರ್ಷ ತುಂಬುವ ಮುಂಚೆ ಕಾಲಿಟ್ಟವರಿಗೆ ಎರಡೇ ವರ್ಷದ ಷರತ್ತಿನ ಗ್ರೀನ್ ಕಾರ್ಡು. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಗಂಡ-ಹೆಂಡತಿ ಸೇರಿ ಐ-751 ಅರ್ಜಿ ಹಾಕಿ, ಒಟ್ಟಿಗೆ ಬಾಳುತ್ತಿದ್ದೇವೆ ಎಂದು ಮತ್ತೆ ತೋರಿಸಬೇಕು. ಗಂಡ ಹೊಡೆಯುವವನಾದರೆ, ಇಲ್ಲವೇ ವಿಚ್ಛೇದನವಾಗಿದ್ದರೆ, ಮದುವೆಯನ್ನು ಪ್ರಾಮಾಣಿಕವಾಗಿಯೇ ಆಗಿದ್ದೆ ಎಂದು ತೋರಿಸಿ ಅವಳೊಬ್ಬಳೇ ಅರ್ಜಿ ಹಾಕಲೂ ಅವಕಾಶವಿದೆ. ಒಳ್ಳೆಯ ಕಾನೂನು. ಒಟ್ಟಿಗಿದ್ದವರನ್ನು ಒಟ್ಟಿಗಿದ್ದೀರಾ ಎಂದು ಕೇಳುವ ಪರೀಕ್ಷೆ ಇದು. ಇಷ್ಟು ಇದ್ದ ಮೇಲೆ ಮೊದಲ ಅಗಲಿಕೆ ಏತಕ್ಕೆ?

ಇನ್ನೊಂದು ವಿಚಿತ್ರ. ಓದಲೆಂದು ಈಗಾಗಲೇ ಅಮೆರಿಕಕ್ಕೆ ಹೋಗಿರುವ ಹುಡುಗಿ ಅಲ್ಲಿಯ ಪ್ರಜೆಯನ್ನು ಮದುವೆಯಾದರೆ ಅಲ್ಲಿಂದಲೇ ಅರ್ಜಿ ಹಾಕಬಹುದು. ಅದು ಇತ್ಯರ್ಥವಾಗುವವರೆಗೆ ಗಂಡನ ಮನೆಯಲ್ಲೇ ಇರಬಹುದು. ಸಂದೇಹ ಅವರ ಮೇಲೂ ಇಷ್ಟೇ, ಕಾಗದಗಳೂ ಬಹುಪಾಲು ಅವೇ. ಮನೆಯವರ ಮುಂದೆ, ಧಾರೆ ಎರೆಸಿಕೊಂಡು, ಹುಟ್ಟೂರಿನಲ್ಲಿ ಮದುವೆಯಾದವಳಿಗೆ ಮಾತ್ರ ಅಗಲಿಕೆ.

ಇದು ತಪ್ಪೆಂದು ಅವರ ಸಂಸತ್ತಿಗೂ ಒಮ್ಮೆ ಅನ್ನಿಸಿತ್ತು. 2000ದಲ್ಲಿ ಲೈಫ್ ಕಾಯ್ದೆ ಎಂದು ಮಾಡಿ, ಅರ್ಜಿ ಬಾಕಿ ಇರುವಾಗಲೇ ಪ್ರಜೆಯ ಹೆಂಡತಿ ಬರಲು ಕೆ-3, ಗ್ರೀನ್ ಕಾರ್ಡಿನವರ ಹೆಂಡತಿಗೆ ವಿ ಎಂಬ ವೀಸಾಗಳನ್ನು ತಂದರು. ವಿ ವೀಸಾ 2000ದ ಡಿಸೆಂಬರ್ 21ರೊಳಗೆ ಅರ್ಜಿ ಹಾಕಿದ್ದವರಿಗಷ್ಟೇ. ಕೆ-3 ಪುಸ್ತಕದಲ್ಲಿ ಇನ್ನೂ ಇದೆ. ಮೂಲ ಅರ್ಜಿ ಮಂಜೂರಾದೊಡನೆ ಅದನ್ನು ಮುಚ್ಚಿಬಿಡುವುದರಿಂದ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ನ್ಯಾಯಾಲಯದಿಂದಲೂ ಏನೂ ನಿರೀಕ್ಷಿಸುವ ಹಾಗಿಲ್ಲ. 2024ರ ಜೂನಿನಲ್ಲಿ ಸಾಂಡ್ರಾ ಮುನ್ಯೋಸ್ ಎಂಬ ಲಾಸ್ ಏಂಜಲೀಸಿನ ವಕೀಲೆಯ ಪ್ರಕರಣದಲ್ಲಿ, ವಿದೇಶಿ ಸಂಗಾತಿಯನ್ನು ದೇಶದೊಳಕ್ಕೆ ಕರೆಸಿಕೊಳ್ಳುವುದು ಪ್ರಜೆಯ ಮೂಲಭೂತ ಹಕ್ಕಲ್ಲ ಎಂದು ಅವರ ಸುಪ್ರೀಂ ಕೋರ್ಟು ಹೇಳಿತು. ತೀರ್ಪು ಬರೆದವರು ಏಮಿ ಕೋನಿ ಬ್ಯಾರೆಟ್. ಸೋನಿಯಾ ಸೊಟೊಮಯೋರ್ ಭಿನ್ನಮತ ಬರೆದರು. ಮುನ್ಯೋಸ್ ಅವರ ಗಂಡ ಎಲ್ ಸಾಲ್ವಡಾರಿನವನು. ಹಕ್ಕಲ್ಲ ಎಂದರೆ ಸರಿ, ಸೌಕರ್ಯವನ್ನಾದರೂ ಸಂಸತ್ತು ಕೊಡಬಹುದು: ಮದುವೆಯ ದಾಖಲೆ, ಪೊಲೀಸ್ ವರದಿ ನೋಡಿ ಒಳಗೆ ಬಿಡಲಿ, ಮಿಕ್ಕ ಪರೀಕ್ಷೆಯನ್ನು ಅಲ್ಲೇ ನಡೆಸಲಿ. 1986ರ ಕಾನೂನೂ 2000ದ ಕಾನೂನೂ ಅವರವೇ, ಎರಡನ್ನೂ ಜೋಡಿಸಿದರೆ ಆಯಿತು.

ಈಗಿರುವ ಏರ್ಪಾಡು ಎಷ್ಟು ತಲೆಕೆಳಗಾಗಿದೆ ಎಂಬುದು ಕೊನೆಯಲ್ಲಿ ತಿಳಿಯಿತು. ಎರಡು ವರ್ಷ ಎಣಿಸುವುದು ಮದುವೆಯ ದಿನದಿಂದ, ಒಟ್ಟಿಗೆ ಇದ್ದ ದಿನದಿಂದಲ್ಲ. ಕಾಯಿಸಿ ಕಾಯಿಸಿ ಎರಡು ವರ್ಷ ದಾಟಿದರೆ ಷರತ್ತಿನ ಕಾರ್ಡು ಇಲ್ಲ, ಐ-751 ಇಲ್ಲ, ನೇರ ಹತ್ತು ವರ್ಷದ್ದು. ಹೆಚ್ಚು ಕಾಲ ದೂರ ಇದ್ದವರಿಗೇ ಪರೀಕ್ಷೆಯಿಂದ ವಿನಾಯಿತಿ! ವೀಸಾ ಅಂಟಿಸಿದ ಪಾಸ್‌ಪೋರ್ಟು ಕೈಗೆ ಬಂದಾಗ ನಮ್ಮ ಮಗಳ ಎರಡನೆಯ ವಾರ್ಷಿಕೋತ್ಸವಕ್ಕೆ ಕೆಲವೇ ವಾರ ಉಳಿದಿದ್ದವು. ವೀಸಾದ ವಾಯಿದೆ ಅದಕ್ಕಿಂತ ಮುಂದಕ್ಕಿತ್ತು. ನನ್ನೊಳಗಿನ ಗುಮಾಸ್ತ ಸುಮ್ಮನಿರಲಿಲ್ಲ. ಇಷ್ಟು ದಿನ ಕಾದಿದ್ದೀಯ, ಆ ತಾರೀಖು ದಾಟಿಸಿ ಹೋಗಮ್ಮ, ಒಂದು ಅರ್ಜಿ ಉಳಿಯುತ್ತದೆ ಎಂದೆ.

"ಇನ್ನೊಂದು ಕಟ್ಟು ಫೋಟೋ ಬೇಕಾದ್ರೂ ತೋರಿಸ್ತೀನಿ, ಟಿಕೆಟ್ ಮಾಡ್ಸಪ್ಪ" ಎಂದಳು.

ಮಾಡಿಸಿದೆ. ಐ-751ರ ಶುಲ್ಕ 750 ಡಾಲರ್. ಅದನ್ನು ಕಟ್ಟುವವರು ಅಳಿಯಂದಿರು.